ಪುಟಾಣಿಯ ತೂಕ

ಸೋಗಾನೆ
೩೦ ಜೂನ್ ೨೦೨೪

ಪ್ರೀತಿಯ ಸುಮಿ,

ನಾನು ಈ ಜೈಲಿಗೆ ಬಂದು ಇವತ್ತಿಗೆ ಇಪ್ಪತ್ತು ದಿನ. ವಾರಕ್ಕೊಮ್ಮೆ ಫೋನ್ ಮಾಡಲು ಬಿಡುತ್ತಾರೆ. ಆದರೆ ಬೆನ್ನ ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ನನಗೆ ಮಾತೇ ಹೊರಡುವುದಿಲ್ಲ. ಅಮ್ಮ ಫೋನ್ ಎತ್ತಿದರೂ ನಿನ್ನ ಕೈಗೆ ಕೊಟ್ಟು ಹೊಲಿಗೆ ಮೆಷಿನ್ ತುಳಿಯಲು ಹೋಗುತ್ತಾಳೆ. ಆ ಸದ್ದು ನನಗೆ ಇಲ್ಲಿಗೆ ಕೇಳಿಸುತ್ತದೆ. ಅದಕ್ಕೇ ಇನ್ನು ಮೇಲೆ ಕಾಗದ ಬರೆಯುತ್ತೇನೆ, ನೀನೂ ಬರಿ. ಕಾಗದಗಳನ್ನು ಇಲ್ಲಿ ಓದಿ ನೋಡಿಯೇ ಕೊಡುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನನಗೆ ಅಡುಗೆಮನೆಯ ಕೆಲಸ ಸಿಕ್ಕಿದೆ. ಸರಿಯಾಗಿ ಕೆಲಸ ಮಾಡಿದವರಿಗೆ ಶಿಕ್ಷೆಯಲ್ಲಿ ಕೆಲವು ದಿನ ಕಳೆಯುತ್ತಾರಂತೆ. ಒಂದು ವರ್ಷ ಎಂದರೂ ಮಾರ್ಚ್ ಹೊತ್ತಿಗೆ ಬಂದುಬಿಡಬಹುದು. ಶಾಲೆಯಲ್ಲಿ ಯಾರಾದರೂ ಕೇಳಿದರೆ ಮುಚ್ಚಿಡಬೇಡ. ನಾಲ್ಕು ವರ್ಷದ ಹಿಂದೆ ಅಪ್ಪ ಓಡಿಸುತ್ತಿದ್ದ ಗೂಡ್ಸ್ ಗಾಡಿಗೆ ಶಿವಯೋಗಪ್ಪ ಎನ್ನುವವರು ಅಡ್ಡ ಬಂದು ತೀರಿಕೊಂಡರು, ಅದಕ್ಕೆ ಕೋರ್ಟು ಒಂದು ವರ್ಷ ಹಾಕಿದೆ ಎಂದು ಹೇಳು. ಇದ್ದದ್ದು ಅಷ್ಟೇ.

ಈಗ ಮುಖ್ಯವಾದ ವಿಷಯ. ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ಬಂದಿರುವ ಆ ಮರಿ ಹೇಗಿದೆ? ಗಾಡಿ ಓಡಿಸುವುದನ್ನು ಬಿಟ್ಟ ಮೇಲೆ ನಾನು ಮನೆ ಸಾಮಾನು ಸಾಗಿಸುವವರ ಜೊತೆ ಹೋಗುತ್ತಿದ್ದೆನಲ್ಲ, ಶಿವಮೊಗ್ಗದ ವಿನೋಬನಗರದಲ್ಲಿ ಹರ್ಷವರ್ಧನ ಎನ್ನುವವರ ಮನೆ ಖಾಲಿ ಮಾಡಿಸುವಾಗ ಅವರ ಒಂದು ಕೋಣೆ ತುಂಬ ಇವೇ ಇದ್ದವು. ಲೆಪರ್ಡ್ ಗೆಕೊ ಅಂತ ಹೆಸರು. ಚಿರತೆಯ ಚುಕ್ಕೆಯ ಹಲ್ಲಿ. ಒಂದು ಪೆಟ್ಟಿಗೆಯನ್ನೂ ಅಲುಗಾಡಿಸದೆ ಇಳಿಸಿದೆ ಎಂದು ಸಂತೋಷಪಟ್ಟು ಒಂದು ಮರಿ ಕೊಟ್ಟರು. ನಾನು ಬರೆದಿಟ್ಟಿರುವ ಎರಡು ಪುಟ ಓದಿಕೊಂಡು ಅದರಂತೆ ಮಾಡು. ದಿನಕ್ಕೆ ಐದು ಹುಳು, ಹುಳುವಿಗೆ ಸುಣ್ಣದಂಥ ಆ ಬಿಳಿ ಪುಡಿ, ತಟ್ಟೆಯಲ್ಲಿ ನೀರು. ಪೆಟ್ಟಿಗೆಯ ಒಂದು ಬದಿಯ ಕೆಳಗಿರುವ ಹೀಟ್ ಮ್ಯಾಟ್ ಯಾವಾಗಲೂ ಬಿಸಿ ಇರಬೇಕು. ವರ್ಷದಲ್ಲಿ ಅದು ನಿನ್ನ ಅಂಗೈ ಮೀರಿ ಬೆಳೆಯುತ್ತದಂತೆ. ನಾನು ಬಂದು ನೋಡುವಾಗ ಹಾಗೆ ಇರಬೇಕು.

ಅಜ್ಜಿಗೆ ಕಾಲಿನ ಎಣ್ಣೆ ಮರೆಯದೆ ಹಚ್ಚು. ಅಮ್ಮನನ್ನು ಕೇಳಿದೆ ಎಂದು ಹೇಳು.

ನಿನ್ನ ಅಪ್ಪ,
ಆನಂದ್


ಓಲ್ಡ್ ಟೌನ್, ಭದ್ರಾವತಿ
೧೪ ಜುಲೈ ೨೦೨೪

ಅಪ್ಪಾ,

ಕನ್ನಡ ಮೇಷ್ಟ್ರು ಕಲಿಸಿದ ಹಾಗೆ 'ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು' ಎಂದು ಶುರು ಮಾಡಿದ್ದೆ. ಯಾರಿಗೋ ಬರೆಯುತ್ತಿರುವ ಹಾಗೆ ಅನಿಸಿ ಆ ಹಾಳೆ ಹರಿದುಹಾಕಿದೆ.

ಮರಿಗೆ ಪುಟಾಣಿ ಎಂದು ಹೆಸರಿಟ್ಟಿದ್ದೇನೆ. ಹುರಿಗಡಲೆ ಬಣ್ಣದ ಮೈ, ಕಪ್ಪು ಪಟ್ಟೆ, ಬಾಲ ಮಾತ್ರ ಕಡ್ಡಿ. ಮನೆಯ ಹಲ್ಲಿಯ ಹಾಗೆ ಗೋಡೆ ಹತ್ತಲು ಬರುವುದಿಲ್ಲ. ಇದಕ್ಕೆ ರೆಪ್ಪೆ ಬೇರೆ ಇದೆ, ಹುಳು ಹಿಡಿದ ಮೇಲೆ ಕಣ್ಣು ಮುಚ್ಚಿ ಚಪ್ಪರಿಸುತ್ತದೆ. ಅಜ್ಜಿ ಮೊದಲ ವಾರ ಆ ಕಡೆ ತಲೆ ಹಾಕಲಿಲ್ಲ. ಹಲ್ಲಿ ಮೈಮೇಲೆ ಬಿದ್ದರೆ ಯಾವ ಭಾಗಕ್ಕೆ ಯಾವ ಫಲ ಎಂದು ಪಂಚಾಂಗದಲ್ಲಿ ಓದಿ ಹೇಳಿದರು. ಇದು ಹತ್ತುವುದೇ ಇಲ್ಲ, ಬೀಳುವುದು ಎಲ್ಲಿಂದ ಎಂದು ಕೇಳಿದೆ. ಅದಕ್ಕೆ ಅಜ್ಜಿ, "ಹಂಗಾರೆ ಇದು ಶಾಸ್ತ್ರದ ಹಲ್ಲಿ ಅಲ್ಲ ಬಿಡು ಮಾರಾಯ್ತಿ" ಎಂದರು. ಈಗ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ.

ಒಂದೇ ಅನಾಹುತ ಆದದ್ದು. ಹಿಟ್ಟಿನ ಹುಳು ಸಾಕುವ ತೌಡಿನ ಡಬ್ಬವನ್ನು ಅಜ್ಜಿ ಹುರಿಟ್ಟು ಎಂದುಕೊಂಡು ಮುಚ್ಚಳ ತೆಗೆದರು. ಆಮೇಲೆ ಎರಡು ದಿನ ಮನೆಯಲ್ಲಿ ಯಾವ ಹಿಟ್ಟನ್ನೂ ನಂಬಲಿಲ್ಲ.

ನಿನ್ನ ಎರಡು ಪುಟವನ್ನು ಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ವಾರಕ್ಕೊಮ್ಮೆ ತೂಕ ನೋಡಬೇಕು ಎಂದು ಬರೆದಿದ್ದೀಯ. ನಮ್ಮ ಮನೆಯಲ್ಲಿ ಗ್ರಾಂ ಲೆಕ್ಕದ ತಕ್ಕಡಿ ಎಲ್ಲಿದೆ? ಕೊನೆಗೆ ಬೆಳ್ಳಿ ಬಂಗಾರದ ಅಂಗಡಿಯ ಸಿದ್ದು ಮಾವ ಒಪ್ಪಿದರು. ಗಿರಾಕಿ ನೋಡಿದರೆ ಮರ್ಯಾದೆ ಹೋಗುತ್ತದೆ ಎಂದು ಅರ್ಧ ಶಟರ್ ಎಳೆದು, ಉಂಗುರ ತೂಗುವ ತಟ್ಟೆಯಲ್ಲಿ ಕೂರಿಸಿದೆವು. ನಾಲ್ಕು ಗ್ರಾಂ. "ನಾಲ್ಕು ಗ್ರಾಂಗೆ ಒಂದು ಜೊತೆ ಓಲೆ ಆಗುತ್ತೆ ನೋಡಮ್ಮ" ಎಂದರು.

ಅಮ್ಮ ಚೆನ್ನಾಗಿದ್ದಾರೆ. ಶ್ರಾವಣಕ್ಕೆ ರವಿಕೆಗಳು ಬಂದು ಮುಂದಿನ ಕೋಣೆ ತುಂಬಿದೆ.

ಸುಮನಾ


ಸೋಗಾನೆ
೧೮ ಆಗಸ್ಟ್ ೨೦೨೪

ಪ್ರೀತಿಯ ಸುಮಿ,

ನಿನ್ನ ಕಾಗದಗಳು ಬಂದವು. ತೌಡಿನ ಡಬ್ಬದ ಕಥೆಯನ್ನು ಅಡುಗೆಮನೆಯಲ್ಲಿ ಓದಿ ಹೇಳಿದೆ, ಚಪಾತಿ ಲಟ್ಟಿಸುತ್ತಿದ್ದವರೆಲ್ಲ ಕೈ ಬಿಟ್ಟು ನಕ್ಕರು. ಈಗ ಎಲ್ಲರೂ ನನ್ನನ್ನು ಪುಟಾಣಿಯ ತೂಕ ಎಷ್ಟಾಯಿತು ಎಂದು ಕೇಳುತ್ತಾರೆ. ಐದು ಎಂದು ಹೇಳಲು ನಾಚಿಕೆ. ತಿಂಗಳಿಗೆ ಒಂದು ಗ್ರಾಂ ಎಂದರೆ ಏನೂ ಬೆಳೆದ ಹಾಗಲ್ಲ. ಹರ್ಷವರ್ಧನ ಅವರ ನಂಬರ್ ಎರಡನೇ ಪುಟದ ಕೆಳಗಿದೆ, ಅವರು ಈಗ ಹೈದರಾಬಾದಿನಲ್ಲಿದ್ದಾರೆ. ಇದರ ಜೊತೆ ಹುಟ್ಟಿದ್ದು ಇನ್ನೊಂದು ಅವರ ಹತ್ತಿರ ಇತ್ತು, ಅದು ಹೇಗಿದೆ ಎಂದು ಕೇಳು. ಅಲ್ಲಿಯವರೆಗೆ ಎರಡು ಹುಳು ಹೆಚ್ಚು ಹಾಕು.

ಅಮ್ಮ ಹೇಗಿದ್ದಾಳೆ ಎಂದು ಕೇಳಿದರೆ ನೀನು ರವಿಕೆಯ ವಿಷಯ ಬರೆಯುತ್ತೀಯ. ನಾನು ಕೇಳಿದೆ ಎಂದು ಹೇಳುತ್ತಿದ್ದೀಯ ತಾನೆ?

ಇಲ್ಲಿಗೆ ಹತ್ತಿರವೇ ವಿಮಾನ ಇಳಿಯುತ್ತದೆ. ಬೇಳೆಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಒಂದು ಬರುತ್ತದೆ.

ಅಪ್ಪ


ಭದ್ರಾವತಿ
೬ ಅಕ್ಟೋಬರ್ ೨೦೨೪

ಅಪ್ಪಾ,

ಹರ್ಷವರ್ಧನ ಅಂಕಲ್ ಫೋಟೋ ಕಳಿಸಿದರು. ಪುಟಾಣಿಯ ಜೊತೆ ಒಂದೇ ದಿನ ಮೊಟ್ಟೆಯೊಡೆದ ಮರಿ ಈಗ ಹತ್ತೊಂಬತ್ತು ಗ್ರಾಂ. ಬಾಲ ನನ್ನ ಹೆಬ್ಬೆರಳಷ್ಟು ದಪ್ಪ. ಕೊಬ್ಬೆಲ್ಲ ಬಾಲದಲ್ಲೇ ಕೂಡುವುದಂತೆ. ಪುಟಾಣಿ ಆರು ಗ್ರಾಂ. ಫೋಟೋವನ್ನು ಅದಕ್ಕೆ ತೋರಿಸಲಿಲ್ಲ.

ಎರಡು ಹುಳು ಹೆಚ್ಚು ಹಾಕಿದ್ದರಿಂದ ಏನೂ ಆಗಲಿಲ್ಲ. ಸಂಜೆ ಆಸೆಯಿಂದ ತಿನ್ನುತ್ತದೆ. ಬೆಳಿಗ್ಗೆ ನೋಡಿದರೆ ಹಿಕ್ಕೆಯಲ್ಲಿ ಹುಳುವಿನ ಕಾಲು ಕಾಲೇ ಇರುತ್ತದೆ, ಎರಡು ಸಲ ಇಡೀ ಹುಳುವನ್ನೇ ಕಕ್ಕಿತ್ತು. ಅಜ್ಜಿಗೆ ಬೇರೆಯೇ ಕಾರಣ ಗೊತ್ತು. ಪುಟಾಣಿ ಎಂದು ಕರೆದರೆ ಅದಾದರೂ ಯಾಕೆ ಬೆಳೆಯಬೇಕು, ಗುಂಡಪ್ಪ ಎಂದು ಕರಿ ಎನ್ನುತ್ತಾರೆ. ಅವರು ಹಾಗೇ ಕರೆಯುತ್ತಿದ್ದಾರೆ. ನನಗೆ ಮಾತ್ರ ರಾತ್ರಿ ಊಟಕ್ಕೆ ಕೂತಾಗ ಅದರ ಪಕ್ಕೆಲುಬು ನೆನಪಾಗುತ್ತದೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಒಂದು ವಾರ ಇಟ್ಟುಕೊಂಡಿದ್ದೆ. ರೇಷನ್ ಅಂಗಡಿಯ ಸಾಲಿನಲ್ಲಿ ನಾನೂ ಅಮ್ಮನೂ ನಿಂತಿದ್ದೆವು. ಮುಂದೆ ಶಿವಯೋಗಪ್ಪನವರ ಹೆಂಡತಿ ಈಶ್ವರಮ್ಮ ಇದ್ದರು. ಅವರು ನಮ್ಮನ್ನು ನೋಡಿರಲಿಲ್ಲ. ಯಾರೋ ಒಬ್ಬರು ಅನುಕಂಪದಲ್ಲೇ, ನಿಮ್ಮ ಯಜಮಾನರು ಗಾಡಿಗೆ ಅಡ್ಡ ಬಂದರಂತಲ್ಲ ಪಾಪ ಎಂದರು. ಅವರು ಚೀಲ ಕೆಳಗಿಟ್ಟು ತಿರುಗಿದರು.

"ಅವ್ರು ಟಾರಿನ ಮೇಲೆ ಕಾಲೇ ಇಡ್ತಿರ್ಲಿಲ್ಲ. ಮೂವತ್ತು ವರ್ಷ ಪಕ್ಕದ ಮಣ್ಣಲ್ಲೇ ನಡ್ಕೊಂಡ್ ಬಂದೋರು. ಅಡ್ಡ ಯಾಕ್ ಬರ್ತಾರೆ?"

ಅಮ್ಮ ನನ್ನ ಕೈ ಹಿಡಿದು ಸಾಲು ಬಿಟ್ಟು ಹೊರಗೆ ಕರೆದುಕೊಂಡು ಬಂದರು. ನಾನು ತರಗತಿಯಲ್ಲಿ ನೀನು ಹೇಳಿಕೊಟ್ಟ ಹಾಗೆಯೇ ಹೇಳಿದ್ದೇನೆ ಅಪ್ಪಾ. ಅವರು ಯಾಕೆ ಹಾಗೆ ಹೇಳುತ್ತಾರೆ?

ಸುಮನಾ


ಭದ್ರಾವತಿ
೧೫ ಡಿಸೆಂಬರ್ ೨೦೨೪

ಅಪ್ಪಾ,

ನನ್ನ ಅಕ್ಟೋಬರ್ ಕಾಗದಕ್ಕೆ ನೀನು ಉತ್ತರ ಬರೆಯದೆ ಎರಡು ತಿಂಗಳಾಯಿತು. ಫೋನನ್ನೂ ಮಾಡಲಿಲ್ಲ. ನಾನು ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ಹೇಳು. ಪುಟಾಣಿಯ ವಿಷಯ ತುಂಬ ಇರುವುದರಿಂದ ನಾನೇ ಮತ್ತೆ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಏಳು ಗ್ರಾಂ ಆಗಿ ಅಲ್ಲೇ ನಿಂತುಬಿಟ್ಟಿತು. ಚಳಿ ಬಂದ ಮೇಲೆ ದಿನವಿಡೀ ಕಣ್ಣು ಮುಚ್ಚಿ ಬಿದ್ದಿರುತ್ತಿತ್ತು. ಪೊರೆ ಬಿಟ್ಟಾಗ ಬೆರಳ ತುದಿಗಳಲ್ಲಿ ಹಾಗೇ ಕಚ್ಚಿಕೊಂಡಿತ್ತು, ಬಿಸಿನೀರಿನ ಬಟ್ಟೆಯಲ್ಲಿ ಸುತ್ತಿ ಬಿಡಿಸಿದೆ. ಕಳೆದ ಶನಿವಾರ ಹುಳುವನ್ನು ನೋಡಿ ಮುಖ ತಿರುಗಿಸಿತು. ನಾನು ಅತ್ತೆ. ಅಮ್ಮ ಹೊಲಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ಎದ್ದು, ನಿನ್ನ ಊಟದ ಡಬ್ಬಿಗೆ ಮೊಳೆಯಿಂದ ತೂತು ಮಾಡಿ, ಒಳಗೆ ಫ್ಲಾನೆಲ್ ಹಾಸಿದರು. "ನಡಿ, ಶಿವಮೊಗ್ಗಕ್ಕೆ ಹೋಗ್ಬರೋಣ" ಎಂದರು. ನೀನು ಹೋದ ಮೇಲೆ ಅವರು ಪುಟಾಣಿಯ ವಿಷಯಕ್ಕೆ ಆಡಿದ ಮೊದಲ ಮಾತು ಅದು.

ಬಸ್ಸಿನಲ್ಲಿ ಡಬ್ಬಿಯನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದರು. ಸೋಗಾನೆಗೆ ತಿರುಗುವ ರಸ್ತೆ ಬಂದಾಗ ನಾನು ಕಿಟಕಿಯಿಂದ ನೋಡಿದೆ. ಅಮ್ಮ ಡಬ್ಬಿಯ ತೂತುಗಳನ್ನೇ ನೋಡುತ್ತಿದ್ದರು.

ಡಾಕ್ಟರ ಹೆಸರು ನರಸಿಂಹಮೂರ್ತಿ. ವಯಸ್ಸಾದವರು, ದನ ನಾಯಿಗಳ ಜೊತೆಗೆ ಗಿಳಿ ಆಮೆಗಳನ್ನೂ ನೋಡುತ್ತಾರೆ. ಪುಟಾಣಿಯನ್ನು ಅಂಗೈ ಮೇಲೆ ಬಿಟ್ಟುಕೊಂಡು ಭೂತಗನ್ನಡಿಯಿಂದ ನೋಡಿದರು. ಹಿಕ್ಕೆ ಪರೀಕ್ಷೆ ಮಾಡಿದರು. ಹೊಟ್ಟೆಯಲ್ಲಿ ಹುಳ ಇಲ್ಲ, ರೋಗ ಇಲ್ಲ, ಮೂಳೆ ಗಟ್ಟಿಯಾಗಿದೆ. ಬಿಸಿ ಹೇಗೆ ಕೊಡುತ್ತೀಯ ಎಂದು ಕೇಳಿದರು. ಹೀಟ್ ಮ್ಯಾಟ್ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಈ ಪ್ರಾಣಿ ಸಂಜೆ ತಿಂದದ್ದು ರಾತ್ರಿ ಅರಗಬೇಕು, ಅರಗಲು ಹೊಟ್ಟೆಯ ಕೆಳಗೆ ಬಿಸಿ ಬೇಕು, ಇಲ್ಲದಿದ್ದರೆ ಎಷ್ಟು ಹಾಕಿದರೂ ಮೈಗೆ ಹತ್ತುವುದಿಲ್ಲ ಎಂದರು. ಅತಿ ಹೆಚ್ಚು ಅತಿ ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ ಒಂದು ಥರ್ಮಾಮೀಟರ್ ಕೊಟ್ಟು, ಒಂದು ರಾತ್ರಿ ಮ್ಯಾಟಿನ ಮೇಲಿಟ್ಟು ನೋಡು ಎಂದರು.

ಬೆಳಿಗ್ಗೆ ನೋಡಿದೆ. ಹೆಚ್ಚು ಮೂವತ್ತೆರಡು. ಕಡಿಮೆ ಹತ್ತೊಂಬತ್ತು. ರಾತ್ರಿ ಕರೆಂಟ್ ಹೋಗಿರಲಿಲ್ಲ, ಎದ್ದಾಗ ಮ್ಯಾಟ್ ಬಿಸಿಯೇ ಇತ್ತು. ಮ್ಯಾಟಿನಲ್ಲೇ ಏನೋ ದೋಷವಿರಬೇಕು. ಅಮ್ಮನಿಗೆ ಹೇಳಿದೆ. ಅವರು ಥರ್ಮಾಮೀಟರನ್ನು ಕೈಗೆ ತೆಗೆದುಕೊಂಡು ನೋಡಿ, ಮತ್ತೆ ಮ್ಯಾಟಿನ ಮೇಲಿಟ್ಟರು.

ಬರಿ ಅಪ್ಪಾ.

ಸುಮನಾ


ಭದ್ರಾವತಿ
೧೯ ಡಿಸೆಂಬರ್ ೨೦೨೪

ಸುಮನಾಳ ಅಪ್ಪನಿಗೆ,

ಹಲ್ಲಿಯ ವಿಷಯಕ್ಕೆ ಬರೆಯುತ್ತಿದ್ದೇನೆ.

ಮ್ಯಾಟ್ ಕೆಟ್ಟಿಲ್ಲ. ಸುಮನಾ ಮಲಗಿದ ಮೇಲೆ ಅದರ ಸ್ವಿಚ್ ಆರಿಸುವವಳು ನಾನು. ಬೆಳಿಗ್ಗೆ ಐದಕ್ಕೆ ಅವಳು ಏಳುವ ಮೊದಲು ಹಾಕುತ್ತೇನೆ. ನೀವು ಹೋದ ದಿನದಿಂದ ಹಾಗೆ ಮಾಡಿದ್ದೇನೆ.

ಮುಂದಿನ ಕೋಣೆ ತುಂಬ ಬೇರೆಯವರ ಸೀರೆ, ರವಿಕೆ ಬಟ್ಟೆ. ಅದರ ನಡುವೆ ರಾತ್ರಿಯಿಡೀ ಒಂದು ವಯರು ಬಿಸಿಯಾಗುತ್ತಿರುತ್ತದೆ. ಹೋದ ವರ್ಷ ನಮ್ಮ ಹಿಂದಿನ ಬೀದಿಯಲ್ಲಿ ಬಟ್ಟೆ ಅಂಗಡಿ ಸುಟ್ಟದ್ದು ಒಂದು ವಯರಿನಿಂದಲೇ ಅಲ್ಲವೇ? ಒಳಗೆ ಅತ್ತೆಗೆ ಕಾಲು ಬರುವುದಿಲ್ಲ. ಏನಾದರೂ ಆದರೆ ಎತ್ತಿಕೊಂಡು ಓಡುವವಳು ನಾನೊಬ್ಬಳೇ. ಗ್ಯಾಸ್, ಫ್ಯಾನು, ಮೋಟರು, ಎಲ್ಲ ಆರಿಸಿ, ಬಾಗಿಲು ಎರಡು ಸಲ ನೋಡಿ ಮಲಗುತ್ತೇನೆ. ಆ ಸ್ವಿಚ್ಚನ್ನು ಮಾತ್ರ ಬಿಟ್ಟು ಮಲಗಲು ನನ್ನಿಂದ ಆಗಲಿಲ್ಲ. ಒಂದು ಹಲ್ಲಿಗೆ ರಾತ್ರಿ ಚಳಿಯಾದರೆ ಏನಾಗುತ್ತದೆ ಎಂದುಕೊಂಡೆ. ಅದು ಉಪವಾಸ ಬಿದ್ದಿದೆ ಎಂದು ನನಗೆ ಗೊತ್ತಾಗಲಿಲ್ಲ.

ಇದು ಅರ್ಧ ಸತ್ಯ. ಇನ್ನರ್ಧವನ್ನೂ ಬರೆಯುತ್ತೇನೆ. ಹೋಗುವ ಹಿಂದಿನ ಸಂಜೆ ನೀವು ಕೂತು ಆ ಪ್ರಾಣಿಗೆ ಏನೇನು ಬೇಕು ಎಂದು ಎರಡು ಪುಟ ಬರೆದಿರಿ. ನಾನು ಪಕ್ಕದಲ್ಲೇ ರವಿಕೆಯ ಗುಂಡಿಗಳಿಗೆ ಕಾಜಾ ಮಾಡುತ್ತಾ ಕೂತಿದ್ದೆ. ನೀವು ಇಲ್ಲದ ವರ್ಷ ನಾನು ಹೇಗಿರಬೇಕು ಎಂದು ಒಂದು ಸಾಲು ಹೇಳಲಿಲ್ಲ. ಆ ಹಾಳೆ ದಿನವೂ ಗೋಡೆಯಲ್ಲಿ ನನ್ನ ಎದುರಿಗಿದೆ. ಸ್ವಿಚ್ ಆರಿಸುವಾಗ ನನಗೆ ಭಯ ಮಾತ್ರ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಡಾಕ್ಟರ ಮಾತು ಕೇಳಿ ಬಂದ ರಾತ್ರಿಯೂ ಆ ಭಯಕ್ಕೆ ಆರಿಸಿಬಿಟ್ಟೆ. ಥರ್ಮಾಮೀಟರ್ ತೋರಿಸಿದಾಗ ಸುಮನಾಳ ಮುಖಕ್ಕೆ ಏನೂ ಹೇಳಲಾಗಲಿಲ್ಲ. ನಾಲ್ಕು ದಿನದಿಂದ ಆರಿಸಿಲ್ಲ. ನಿದ್ದೆ ಬಂದಿಲ್ಲ, ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡಿದ್ದೇನೆ. ಅವಳಿಗೆ ನಾನು ಹೇಳಲೋ, ನೀವು ಮ್ಯಾಟ್ ಕೆಟ್ಟಿತ್ತು ಎಂದು ಬರೆಯುತ್ತೀರೋ? ನೀವು ಬರೆದರೆ ನಂಬುತ್ತಾಳೆ.

ಶೀಲಾ


ಸೋಗಾನೆ
೨೯ ಡಿಸೆಂಬರ್ ೨೦೨೪

ಶೀಲಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಿನ್ನ ಅಕ್ಷರ ನೋಡಿ ಎಷ್ಟೋ ವರ್ಷವಾಗಿತ್ತು.

ಮೊದಲು ವಯರಿನ ವಿಷಯ. ನೀನು ಹೆದರಿದ್ದು ಸರಿ, ನಾನು ಯೋಚನೆ ಮಾಡಬೇಕಿತ್ತು. ನಮ್ಮ ವೈರ್‌ಮನ್ ಷಣ್ಮುಖಪ್ಪನಿಗೆ ಒಂದು ಮಾತು ಹೇಳು. ಬಿಸಿ ಹೆಚ್ಚಾದರೆ ತಾನೇ ಆರಿ, ಕಡಿಮೆಯಾದರೆ ತಾನೇ ಹತ್ತುವ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಅದನ್ನು ಹಾಕಿಕೊಡುತ್ತಾನೆ. ಗಾಜಿನ ಪೆಟ್ಟಿಗೆಯನ್ನು ಬಟ್ಟೆಗಳ ಹತ್ತಿರದಿಂದ ತೆಗೆದು ಅಡುಗೆಮನೆಯ ಕಲ್ಲಿನ ಮೇಲಿಡಿ. ಕಲ್ಲಿಗೆ ಬೆಂಕಿ ಹತ್ತುವುದಿಲ್ಲ. ನೀನು ಒಳಗೆ ಹೋಗಿ ಮಲಗು.

ಮ್ಯಾಟ್ ಕೆಟ್ಟಿತ್ತು ಎಂದು ಬರೆಯಲು ಪೆನ್ನು ತೆಗೆದುಕೊಂಡೆ. ಸುಲಭವಾಗಿತ್ತು. ಬರೆಯಲಾಗಲಿಲ್ಲ. ಯಾಕೆಂದರೆ ಅಂಥದ್ದನ್ನು ನಾನು ಒಂದು ಸಲ ಹೇಳಿದ್ದೇನೆ.

ಶಿವಯೋಗಪ್ಪನವರು ಅಡ್ಡ ಬರಲಿಲ್ಲ. ನಾನು ಕಣ್ಣು ಮುಚ್ಚಿದ್ದೆ. ಆ ದಿನ ಚನ್ನಗಿರಿಯಿಂದ ಬಂದ ಮೇಲೆ ನೀನು 'ಮಲಗಿ, ಬೆಳಿಗ್ಗೆ ಹೋಗಿ' ಎಂದೆ, ನಾನು ಕೇಳದೆ ಮತ್ತೊಂದು ಟ್ರಿಪ್ಪಿಗೆ ಹೋದೆ. ವಾಪಸು ಬರುವಾಗ ಬೆಳಕು ಹರಿದಿತ್ತು. ಚಕ್ರ ಮಣ್ಣಿಗೆ ಇಳಿದ ಸದ್ದಿಗೆ ಎಚ್ಚರವಾಯಿತು. ಅಷ್ಟರಲ್ಲಿ ಆಗಿಹೋಗಿತ್ತು. ಅಡ್ಡ ಬಂದರು ಎಂದು ಹೇಳಿದರೆ ಕೇಸು ಹಗುರವಾಗುತ್ತದೆ ಎಂದು ಗಾಡಿ ಮಾಲೀಕರು ಹೇಳಿದರು. ಮೊದಲು ಪೊಲೀಸರಿಗೆ ಹೇಳಿದೆ, ಆಮೇಲೆ ಕೋರ್ಟಿಗೆ, ಆಮೇಲೆ ನಿನಗೆ. ಹೇಳಿ ಹೇಳಿ ನನಗೇ ಅವರು ಅಡ್ಡ ಬಂದದ್ದು ಕಾಣಿಸತೊಡಗಿತ್ತು. ಕೊನೆಗೆ ಮಗಳ ಬಾಯಿಂದಲೂ ಹೇಳಿಸಿದೆ. ರೇಷನ್ ಅಂಗಡಿಯಲ್ಲಿ ಈಶ್ವರಮ್ಮನವರು ಹೇಳಿದ್ದನ್ನು ಅವಳು ಬರೆದ ಮೇಲೆ ನನಗೆ ಅವಳಿಗೆ ಬರೆಯಲು ಕೈ ಬರಲಿಲ್ಲ. ಎರಡು ತಿಂಗಳು ಸುಮ್ಮನಿದ್ದದ್ದು ಅದಕ್ಕೆ.

ಇದನ್ನು ಇಲ್ಲಿ ಓದಿಯೇ ಹೊರಗೆ ಬಿಡುತ್ತಾರೆ. ಓದಲಿ.

ನಿನ್ನದನ್ನು ನೀನೇ ಅವಳಿಗೆ ಹೇಳು. ನನ್ನದನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಅದನ್ನೂ ಕೊಡು. ಸಿಟ್ಟು ಬರುತ್ತದೆ. ಬರಲಿ.

ನಿನಗೇನು ಬೇಕು ಎಂದು ಆ ಸಂಜೆ ನಾನು ಕೇಳಲಿಲ್ಲ. ಕೇಳಿದರೆ ನೀನು ಆ ಬೆಳಿಗ್ಗೆಯ ನಿಜ ಕೇಳುತ್ತೀಯ ಎಂದು ಭಯವಾಗಿ, ಹಲ್ಲಿಯ ಮೇಲೆ ಎರಡು ಪುಟ ಬರೆಯುತ್ತಾ ಕೂತೆ.

ಆನಂದ್


ಭದ್ರಾವತಿ
೨೬ ಜನವರಿ ೨೦೨೫

ಅಪ್ಪಾ,

ಒಂದೇ ದಿನ ಇಬ್ಬರ ಮೇಲೂ ಸಿಟ್ಟು ಬಂದರೆ ಮನುಷ್ಯರು ಎಲ್ಲಿಗೆ ಹೋಗಬೇಕು? ನಾನು ಅಜ್ಜಿಯ ಮಂಚದ ಮೇಲೆ ಹೋಗಿ ಮಲಗಿದೆ. ಮೂರು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಅಜ್ಜಿಗೂ ಅಮ್ಮ ಎಲ್ಲ ಹೇಳಿದ್ದರು. ಅಜ್ಜಿ ನನಗೆ ಬುದ್ಧಿ ಹೇಳಲಿಲ್ಲ, ನಿನ್ನ ಪರವಾಗಿಯೂ ಮಾತಾಡಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು ಅತ್ತರು.

ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಅಮ್ಮ ಅಡುಗೆಮನೆಯ ಕಲ್ಲಿನ ಮುಂದೆ ನಿಂತಿದ್ದರು. ಅವರ ಬೆರಳಿನ ಮೇಲೆ ಪುಟಾಣಿ ಇತ್ತು. ಅಮ್ಮ ಅದನ್ನು ಮುಟ್ಟಿದ್ದು ಅದೇ ಮೊದಲು. ಹೆದರಿ ಕೈಯನ್ನು ಮೈಯಿಂದ ದೂರ ಚಾಚಿದ್ದರು, ಆದರೂ ಇಳಿಸಿರಲಿಲ್ಲ. "ತಗೊಳ್ಳೇ, ಬಿದ್ದುಬಿಡುತ್ತೆ" ಎಂದರು. ನಾನು ಕೈ ಒಡ್ಡಿದೆ. ಅದು ನನ್ನ ಕೈಗೆ ಬರದೆ ಅಮ್ಮನ ರವಿಕೆಯ ತೋಳಿನೊಳಗೆ ನುಗ್ಗಿತು. ಆಮೇಲೆ ಏನೇನಾಯಿತು ಎಂದು ಬರೆಯುವುದಿಲ್ಲ, ನಿಮ್ಮ ಅಡುಗೆಮನೆಯಲ್ಲಿ ಓದಿ ಹೇಳುತ್ತೀಯ. ನಗು ನಿಲ್ಲಿಸಿದಾಗ ನಾವಿಬ್ಬರೂ ಮಾತಾಡುತ್ತಿದ್ದೆವು.

ಷಣ್ಮುಖಪ್ಪ ಅಂಕಲ್ ಆ ಪೆಟ್ಟಿಗೆ ಹಾಕಿಕೊಟ್ಟರು. ಈಗ ರಾತ್ರಿ ಕಡಿಮೆ ಎಂದರೆ ಮೂವತ್ತು. ಹತ್ತು ಗ್ರಾಂ ಆಗಿದೆ. ಹಿಕ್ಕೆಯಲ್ಲಿ ಕಾಲುಗಳಿಲ್ಲ. ಸಿದ್ದು ಮಾವ ಪೂರ್ತಿ ಶಟರ್ ತೆಗೆದೇ ತೂಗಿದರು.

ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ತರಗತಿಯಲ್ಲಿ ಎದ್ದು ನಿಂತು, ನಾನು ಮೊದಲು ಹೇಳಿದ್ದು ತಪ್ಪು, ಅವರು ಅಡ್ಡ ಬಂದಿರಲಿಲ್ಲ ಎಂದು ಹೇಳಿದೆ. ಯಾರೂ ಏನೂ ಕೇಳಲಿಲ್ಲ. ತರಗತಿಗೆ ನಾನು ಹೇಳಿದೆ. ಈಶ್ವರಮ್ಮನವರಿಗೆ ಹೇಳಬೇಕಾದವನು ನೀನು.

ಸುಮನಾ


ಭದ್ರಾವತಿ
೧೯ ಮಾರ್ಚ್ ೨೦೨೫

ರೀ,

ನೀವು ಈಶ್ವರಮ್ಮನವರಿಗೆ ಬರೆದ ಕಾಗದ ಅವರಿಗೆ ತಲುಪಿದೆ. ನನಗೆ ಹೇಗೆ ಗೊತ್ತೆಂದರೆ, ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದಿದ್ದರು. ಬಾಗಿಲಲ್ಲಿ ಅವರನ್ನು ನೋಡಿ ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಒಳಗೆ ಬನ್ನಿ ಎಂದೆ. ಬಂದರು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ನಿಂತು ಅವರಿಗೆ ಕೈ ಮುಗಿದರು. ಅವರು ಕೂತ್ಕೊಳ್ಳಿ ಎನ್ನುವವರೆಗೂ ಅತ್ತೆ ಕೂರಲಿಲ್ಲ.

ಕಾಗದ ಅವರ ಸೊಂಟದ ಚೀಲದಲ್ಲೇ ಇತ್ತು. ತಮ್ಮನ ಮಗಳಿಂದ ಓದಿಸಿದರಂತೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಮಾತನ್ನೂ ಮೆದು ಮಾಡುವುದಿಲ್ಲ.

"ಕ್ಷಮಿಸ್ದೆ ಅಂತ ಹೇಳಕ್ಕೆ ಬಂದಿಲ್ಲ ನಾನು. ಅದು ನನ್ನಿಂದ ಆಗಲ್ಲ. ಆದ್ರೆ ನಾಲ್ಕು ವರ್ಷದಿಂದ ಊರವ್ರೆಲ್ಲ ಅವ್ರದ್ದೇ ತಪ್ಪು ಅಂತಿದ್ರು. ನಾನೊಬ್ಳೇ ಅಲ್ಲ ಅಂತಿದ್ದೆ. ಈಗ ಕೇಳಿದೋರಿಗೆಲ್ಲ ಇದನ್ನ ತೋರಿಸ್ತೀನಿ. ಅದನ್ನ ನಿಮ್ಗೆ ತಿಳಿಸ್ಬೇಕಿತ್ತು, ಅದಕ್ಕೆ ಬಂದೆ."

ತೋರಿಸಿ ಎಂದೆ. ಬೇರೇನು ಹೇಳಲಿ? ಕಾಫಿ ಬೇಡವೆಂದರು, ನೀರು ಕುಡಿದರು. ಹೊರಡುವಾಗ ಅಡುಗೆಮನೆಯಲ್ಲಿ ಸುಮನಾ ಹುಳು ಹಾಕುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಅದು ಬಾಲದ ತುದಿ ಆಡಿಸಿ, ಗುರಿಯಿಟ್ಟು, ಹುಳುವನ್ನು ಹಾರಿ ಹಿಡಿಯುವುದನ್ನು ಪೂರ್ತಿ ನೋಡಿದರು. ಸಣ್ಣದಿದೆ ಎಂದರು. ಸುಮನಾಗೆ ಕೋಪ ಬಂತು. ಏಳು ಗ್ರಾಂ ಇದ್ದದ್ದು ಇಪ್ಪತ್ತೊಂದಾಗಿದೆ, ಬಾಲ ನೋಡಿ ಎಂದು ಅವರನ್ನು ಹತ್ತಿರ ಕರೆದಳು. ಅವರು ಹೋಗಿ ನೋಡಿದರು. ಆಮೇಲೆ ಅವಳ ತಲೆ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದರು.

ನೀವು ಕಣ್ಣು ಮುಚ್ಚಿದ್ದಿರಿ ಎಂದು ನನಗೆ ಮೊದಲೇ ಗೊತ್ತಿತ್ತು. ಆ ಬೆಳಿಗ್ಗೆ ಠಾಣೆಯಲ್ಲಿ ನಿಮ್ಮ ಮುಖ ನೋಡಿದಾಗಲೇ ತಿಳಿಯಿತು. ನೀವೇ ಹೇಳುತ್ತೀರಿ ಎಂದು ಕಾದೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಆಮೇಲೆ ಮಾತೇ ಕಡಿಮೆಯಾಯಿತು. ಈಗ ಹೇಳಿದ್ದೀರಿ. ಅದರಿಂದ ಎಲ್ಲ ಸರಿಯಾಯಿತು ಎಂದು ನಾನು ಬರೆಯುವುದಿಲ್ಲ. ಮೊನ್ನೆಯಿಂದ ಮೆಷಿನ್ ತುಳಿಯುವಾಗ ಒಂದೆರಡು ಸಲ ಹಾಡಿಕೊಂಡೆ ಎಂದು ಅತ್ತೆ ಹೇಳಿದರು. ನನಗೆ ಗೊತ್ತಾಗಿರಲಿಲ್ಲ.

ಬರುವ ಬುಧವಾರ ಬಿಡುತ್ತಾರೆ ಎಂದು ಫೋನ್ ಬಂದಿತ್ತು. ಸುಮನಾಗೆ ಅವತ್ತು ಗಣಿತದ ಪರೀಕ್ಷೆ, ಅವಳು ಬರುವುದಿಲ್ಲ. ಅತ್ತೆಗೆ ಬಸ್ಸು ಹತ್ತಲಾಗುವುದಿಲ್ಲ. ನಾನೊಬ್ಬಳೇ ಬರುತ್ತೇನೆ. ಒಂಬತ್ತು ಗಂಟೆಗೆ ಗೇಟಿನ ಎದುರು ಇರುತ್ತೇನೆ, ನೀವು ಎಷ್ಟು ಹೊತ್ತಿಗೆ ಹೊರಗೆ ಬಂದರೂ ಅಲ್ಲೇ ಇರುತ್ತೇನೆ. ಷಣ್ಮುಖಪ್ಪ ಆಟೋ ತರುತ್ತೇನೆ ಎಂದರು, ಬೇಡವೆಂದೆ. ಬಸ್ಸಿನಲ್ಲೇ ಹೋಗೋಣ. ಕಿಟಕಿ ಪಕ್ಕದ ಸೀಟು ನಿಮಗೆ.

ದಾರಿಯಲ್ಲಿ ನಿದ್ದೆ ಬಂದರೆ ಮಲಗಿ. ನಾನು ಎಚ್ಚರವಿರುತ್ತೇನೆ.

ಶೀಲಾ